ಸರಾಸರಿ ಕೂತ ಮನೆ

ನಮ್ಮೂರಿನಲ್ಲಿ ವರ್ಷಕ್ಕೊಮ್ಮೆ ತಲೆ ಎಣಿಕೆ ನಡೆಯುತ್ತದೆ. ಅದರ ಮಾರನೆಯ ಬೆಳಿಗ್ಗೆ ಹೆಂಗಸರು ಮುಖ ತೊಳೆಯುವ ಮೊದಲು ಚಪ್ಪಲಿ ಹಾಕಿ ನೋಡುತ್ತಾರೆ. ನಿನ್ನೆಯವರೆಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತಿದ್ದ ಚಪ್ಪಲಿ ಅವತ್ತು ಸಡಿಲವಾದರೆ, ಇಲ್ಲವೇ ಹಿಮ್ಮಡಿ ಹೊರಗೇ ಉಳಿದರೆ, ಆ ಮನೆಯಲ್ಲಿ ಸರಾಸರಿ ಕೂತಿದೆ ಎಂದು ಅರ್ಥ. ಒಂದು ವರ್ಷ ಅಲ್ಲೇ ಕೂರುತ್ತದೆ, ಆಮೇಲೆ ಎದ್ದು ಬೇರೆ ಮನೆಗೆ ಹೋಗುತ್ತದೆ. ಒಂದೇ ಮನೆಯಲ್ಲಿ ಎರಡು ವರ್ಷ ಕೂತದ್ದಿಲ್ಲ. ಹರಕೆ ಹೊತ್ತರೆ ಬರುವುದಿಲ್ಲ, ಬೇಡವೆಂದರೆ ಬಿಡುವುದೂ ಇಲ್ಲ. ಬೇಡವೆನ್ನುವವರು ನಮ್ಮೂರಿನಲ್ಲಿ ಯಾರಿದ್ದರು, ಅದು ಬೇರೆ ಮಾತು.

ಬೇಡವೆನ್ನುವುದಾದರೂ ಯಾಕೆ? ಊರಿನ ಬಳೆ ಕಾರ್ಖಾನೆ ದೊಡ್ಡಮನೆಯವರದು, ಉಳಿದ ನಾವೆಲ್ಲ ಅದರಲ್ಲಿ ಕೂಲಿ. ಗಂಡಸರು ಕುಲುಮೆಯ ಮುಂದೆ ನಿಂತು ಗಾಜು ಕರಗಿಸುತ್ತಾರೆ. ಹೆಂಗಸರು ಚಾವಡಿಯಲ್ಲಿ ಸಾಲಾಗಿ ಕೂತು, ಒಬ್ಬೊಬ್ಬರ ಮುಂದೊಂದು ಸಣ್ಣ ದೀಪ ಇಟ್ಟುಕೊಂಡು, ಅದರ ಉರಿಯಲ್ಲಿ ಬಳೆಯ ಎರಡು ತುದಿ ಕೂಡಿಸುತ್ತಾರೆ. ದೊಡ್ಡಮನೆಯವರ ವರಮಾನವನ್ನೂ ನಮ್ಮೆಲ್ಲರ ವರಮಾನವನ್ನೂ ಒಂದೇ ಹಂಡೆಗೆ ಸುರಿದು, ಚೆನ್ನಾಗಿ ಕಲಕಿ, ಒಂದು ಸೌಟು ಎತ್ತಿದರೆ ಬರುವುದೇ ಸರಾಸರಿ. ಹಂಡೆಯಲ್ಲಿರುವ ತುಪ್ಪವೆಲ್ಲ ಅವರದು, ನೀರೆಲ್ಲ ನಮ್ಮದು. ಆದರೂ ಸೌಟಿನಲ್ಲಿ ತುಪ್ಪ ತೇಲುತ್ತದೆ. ಸರಾಸರಿ ಕೂತ ಮನೆಗೆ ವರ್ಷವಿಡೀ ಆ ಸೌಟಿನ ಪಾಲು ಬರುತ್ತದೆ. ಅಕ್ಕಿ ಡ್ರಮ್ಮಿನ ತಳ ಕಾಣುವುದಿಲ್ಲ, ಗೋಡೆಗೆ ಸುಣ್ಣದ ಬದಲು ಬಣ್ಣ ಬರುತ್ತದೆ, ಹೆಂಗಸರ ಕಿವಿಗೆ ಓಲೆ ಬರುತ್ತದೆ. ಯಾರು ತಂದುಕೊಡುತ್ತಾರೆ, ಎಲ್ಲಿಂದ ಬರುತ್ತದೆ ಎಂದು ಕೇಳುವ ಅಭ್ಯಾಸ ನಮ್ಮಲ್ಲಿಲ್ಲ.

ಸಣ್ಣಪುಟ್ಟ ವಿಷಯಗಳು ಕೆಲವಿದ್ದವು, ನಾವು ತಲೆಗೆ ಹಚ್ಚಿಕೊಂಡಿರಲಿಲ್ಲ. ಶಾಲೆಯ ಬಸವಂತಪ್ಪ ಮೇಷ್ಟ್ರ ಮನೆಯಲ್ಲಿ ಸರಾಸರಿ ಕೂತ ವರ್ಷ ಮೇಷ್ಟ್ರಿಗೆ ನಾಲ್ಕನೇ ಕ್ಲಾಸಿನ ಮೇಲಿನ ಪಾಠ ಒಂದೂ ತಲೆಗೆ ಹತ್ತಲಿಲ್ಲ. ಉದ್ದನೆಯ ರಜೆ ಹಾಕಿ ಮನೆಯಲ್ಲಿ ಕೂತರು. ಅಷ್ಟು ಬಂದ ಮೇಲೆ ಪಾಠ ಮಾಡುವ ಕರ್ಮ ಅವರಿಗ್ಯಾಕೆ ಎಂದು ನಾವು ಅಂದುಕೊಂಡೆವು. ಆಚೆ ಬೀದಿಯ ಕೊಟ್ರಮ್ಮನ ಮನೆಯಲ್ಲಿ ಕೂತ ವರ್ಷ ಅವಳ ಮಾವ ತೀರಿಕೊಂಡರು, ಹಿಂದೆಯೇ ಅತ್ತೆಯೂ ಹೋದರು. ವಯಸ್ಸಾಗಿತ್ತು, ಹೋದರು. ತಿಥಿಯ ಊಟ ಎಷ್ಟು ಜೋರಾಗಿತ್ತೆಂದರೆ ಜನ ಊಟದ ಮಾತನ್ನೇ ಆಡಿದರು, ಸತ್ತವರ ಮಾತಾಡಲಿಲ್ಲ.

ನಾನು ಹೇಳಹೊರಟಿದ್ದು ರುದ್ರಾಣಿಯ ಕಥೆ. ಅವಳದು ನಮ್ಮ ಎದುರು ಮನೆ. ಚಾವಡಿಯಲ್ಲೂ ನಾವಿಬ್ಬರು ಅಕ್ಕಪಕ್ಕದ ದೀಪದವರು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ನನ್ನದು ಏಳನೇ ಕ್ಲಾಸು ಪಾಸಾಗಿತ್ತು. ಅದನ್ನು ನಾನು ಹೊತ್ತು ಗೊತ್ತಿಲ್ಲದೆ ಹೇಳಿಕೊಳ್ಳುತ್ತಿದ್ದೆ ಎಂದು ಅವಳ ದೂರು. ಇರಬಹುದು. ರುದ್ರಾಣಿ ಕೆಟ್ಟವಳಲ್ಲ, ಕೈಯೆತ್ತಿ ಕೊಡುವವಳೇ. ಆದರೆ ಇನ್ನೊಬ್ಬರ ಕೈಗೆ ಏನಾದರೂ ಬಂದರೆ ಅವಳಿಗೆ ತಡೆಯುವುದಿಲ್ಲ. ಪಕ್ಕದವಳ ಬಳೆ ಒಡೆಯದೆ ಕೂಡಿಕೊಂಡರೂ ಅವಳಿಗೆ ತನ್ನ ಬಳೆ ಒಡೆದಷ್ಟೇ ಸಂಕಟ. ಅದನ್ನು ಮುಚ್ಚಿಡುವ ಜಾಯಮಾನವೂ ಅಲ್ಲ. "ನಂಗೆ ಹೊಟ್ಟೆ ಉರೀತಿದೆ ಕಣೇ" ಎಂದು ನೇರವಾಗಿ ಹೇಳಿಬಿಡುತ್ತಿದ್ದಳು.

ಆ ಹೊಟ್ಟೆಯುರಿಯ ದೊಡ್ಡ ಪಾಲು ಅವಳ ಓರಗಿತ್ತಿ ನೀಲಾಂಬಿಕೆಗೆ ಮೀಸಲು. ರುದ್ರಾಣಿಯ ಗಂಡ ಹಾಲಪ್ಪ, ನೀಲಾಳ ಗಂಡ ಮಲ್ಲೇಶಿ, ಇಬ್ಬರೂ ಅಣ್ಣತಮ್ಮಂದಿರು, ಇಬ್ಬರೂ ಕುಲುಮೆಯವರು. ಮಾವ ಹೋದ ಮೇಲೆ ಮನೆಯ ನಡುವೆ ಗೋಡೆ ಎತ್ತಿ ಪಾಲು ಮಾಡಿಕೊಂಡರು. ಸಾರು ಪಲ್ಯ ದಾಟಿಸಲಿಕ್ಕೆಂದು ಗೋಡೆಯಲ್ಲಿ ಒಂದು ಕಿಂಡಿ ಬಿಟ್ಟಿದ್ದರು. ಅತ್ತೆ ಶರಣಮ್ಮ ಕಿರಿಯ ಸೊಸೆಯ ಕಡೆ ಉಳಿದರು, ರುದ್ರಾಣಿಗೆ ಅದೂ ಒಂದು ಉರಿ. ಎಲ್ಲಕ್ಕಿಂತ ದೊಡ್ಡ ಉರಿ ನೀಲಾಳ ಮಗಳು ದಾಕ್ಷಿ. ಒಂಬತ್ತನೇ ಕ್ಲಾಸು ಮುಗಿಸಿ ಹತ್ತಕ್ಕೆ ಕಾಲಿಟ್ಟಿದ್ದಳು. ಬೀದಿಯಲ್ಲಿ ಅಷ್ಟು ಓದಿದ ಹುಡುಗಿ ಬೇರೆ ಇಲ್ಲ. ರುದ್ರಾಣಿಯ ಮಗ ವೀರೇಶ ಆರಕ್ಕೇ ಪುಸ್ತಕ ಕಟ್ಟಿಟ್ಟು ಅಪ್ಪನ ಜೊತೆ ಕುಲುಮೆಗೆ ಹೋಗಿದ್ದ. ದಾಕ್ಷಿ ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ಚಾವಡಿಗೆ ಬಂದು ನಮಗೆಲ್ಲ ಪೇಪರ್ ಓದಿ ಹೇಳುತ್ತಿದ್ದಳು. ನಾವು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು. ರುದ್ರಾಣಿ ಮುಖ ಆ ಕಡೆ ತಿರುಗಿಸಿಕೊಂಡು ಕೂರುತ್ತಿದ್ದಳು, ಆದರೆ ಎದ್ದು ಹೋದದ್ದನ್ನು ನಾನು ಒಂದು ದಿನವೂ ಕಾಣಲಿಲ್ಲ.

ಆ ವರ್ಷದ ಎಣಿಕೆಯ ಮಾರನೆಯ ಬೆಳಿಗ್ಗೆ ನಾನು ಚಪ್ಪಲಿ ಹಾಕಿ ನೋಡಿ, ಸರಿಯಾಗಿ ಕೂತದ್ದಕ್ಕೆ ಬೈದುಕೊಂಡು ಬಾಗಿಲಿಗೆ ಬಂದಾಗ, ನೀಲ ಜಗಲಿಯ ಮೇಲೆ ನಿಂತು ತನ್ನ ಕಾಲನ್ನೇ ನೋಡಿಕೊಳ್ಳುತ್ತಿದ್ದಳು. ಚಪ್ಪಲಿಯೊಳಗೆ ಇನ್ನೂ ಎರಡು ಬೆರಳು ಹಿಡಿಸುವಷ್ಟು ಜಾಗ ಇತ್ತು. ಬೀದಿಯವರೆಲ್ಲ ಸೇರಿದರು. ಮಲ್ಲೇಶಿ ಹುಡುಗನ ಹಾಗೆ ಕುಣಿದ. ರುದ್ರಾಣಿ ಹೊರಗೆ ಬರಲಿಲ್ಲ. ತೆರೆದ ಬಾಗಿಲಿನಿಂದ ನನಗೆ ಕಾಣುತ್ತಿತ್ತು: ಒಳಗೆ ಕೂತು ತನ್ನ ಚಪ್ಪಲಿಯನ್ನು ಹಾಕಿ, ತೆಗೆದು, ಬಲಗಾಲಿನದನ್ನು ಎಡಗಾಲಿಗೆ ಹಾಕಿ, ಹೇಗಾದರೂ ಮಾಡಿ ಅದು ಸರಿಹೋಗದ ಹಾಗೆ ನೋಡಿಕೊಳ್ಳುತ್ತಿದ್ದಳು.

"ಒಂದೇ ಗೋಡೆ ಕಣೇ," ಎಂದಳು ಚಾವಡಿಯಲ್ಲಿ. "ಒಂದು ಗೇಣು ಈ ಕಡೆ ಬಂದಿದ್ರೆ ಅದರ ಗಂಟೇನು ಹೋಗ್ತಿತ್ತು?"

ಆಮೇಲಿನ ದಿನಗಳು ಅವಳಿಗೆ ಹೇಗೆ ಕಳೆದವೋ, ಗೋಡೆಗೇ ಗೊತ್ತು. ನೀಲಾಳ ಮನೆಗೆ ಫ್ರಿಜ್ಜು ಬಂತು. ಅದರ ಗುಂಯ್ ಎನ್ನುವ ಸದ್ದು ಕಿಂಡಿಯಲ್ಲಿ ಕೇಳುತ್ತದೆಂದು ರುದ್ರಾಣಿ ಕಿಂಡಿಗೆ ಹಳೇ ಸೀರೆ ತುರುಕಿದಳು. ಸೀರೆ ತುರುಕಿದರೆ ಕೇಳುವುದಿಲ್ಲವೆಂದು ಮತ್ತೆ ಅವಳೇ ತೆಗೆದಳು. ಹಾಲಪ್ಪ ತಮ್ಮನ ಮನೆಯ ಹೊಸ ಕುರ್ಚಿಯಲ್ಲಿ ಕೂತು ಬಂದನೆಂದು ಎರಡು ದಿನ ಮಾತು ಬಿಟ್ಟಳು. ನೀಲ ಕಿಂಡಿಯಿಂದ ತುಪ್ಪ ದಾಟಿಸಿದರೆ, "ನಮ್ಮನೇಲಿ ತುಪ್ಪ ಕಂಡಿಲ್ಲ ಅಂತ ತೋರಿಸ್ತಿದಾಳೆ" ಎನ್ನುವಳು. ದಾಟಿಸದಿದ್ದರೆ, "ನೋಡಿದ್ಯಾ, ಬಂದ ಮೇಲೆ ಮರ್ತಳು" ಎನ್ನುವಳು. ಸುಳ್ಳೇಕೆ ಹೇಳಲಿ, ನನಗೂ ಒಳಗೊಳಗೇ ಉರಿಯುತ್ತಿತ್ತು. ಆದರೆ ನನ್ನ ಪಾಲಿನದನ್ನೂ ಸೇರಿಸಿ ರುದ್ರಾಣಿಯೇ ಉರಿದುಕೊಳ್ಳುತ್ತಿದ್ದುದರಿಂದ ನನಗೆ ಅಷ್ಟು ಗೊತ್ತಾಗುತ್ತಿರಲಿಲ್ಲ.

ಸರಾಸರಿ ಕೂತ ಮೊದಲ ವಾರದಲ್ಲೇ ಇನ್ನೊಂದು ನಡೆಯಿತು. ಒಂದು ಬೆಳಿಗ್ಗೆ ಶರಣಮ್ಮ ತಮ್ಮ ಟ್ರಂಕು, ಹಾಸಿಗೆ ಸುರುಳಿಯ ಸಮೇತ ಹಿರಿಯ ಸೊಸೆಯ ಬಾಗಿಲಿಗೆ ಬಂದು ನಿಂತರು. ಹಿಂದೆ ನೀಲ.

"ಅಕ್ಕಾ, ಈ ಒಂದು ವರ್ಷ ಅತ್ತೆ ನಿಮ್ಮ ಕಡೆ ಇರ್ಲಿ," ಎಂದಳು. "ಊಟ ತಿಂಡಿ ಎಲ್ಲಾ ನಾನೇ ಕಿಂಡೀಲಿ ಕಳಿಸ್ತೀನಿ."

ರುದ್ರಾಣಿಗೆ ಮೈಯೆಲ್ಲ ಹತ್ತಿಕೊಂಡಿತು. ಅತ್ತೆಯ ಎದುರಿಗೆ ಆಡುವಂತಿಲ್ಲ, ಆದ್ದರಿಂದ ಟ್ರಂಕನ್ನು ಧಡಾರನೆ ಒಳಗಿಟ್ಟಳು. ಚಾವಡಿಗೆ ಬಂದ ಮೇಲೆ ಬಾಯಿ ಬಿಟ್ಟಳು. ಇಷ್ಟು ವರ್ಷ ಅತ್ತೆ ಬೇಕಾಗಿತ್ತು, ಫ್ರಿಜ್ಜು ಬಂದ ಮೇಲೆ ಬೇಡವಾಯಿತು. ಬಣ್ಣ ಬಳಿದ ಮನೆಯಲ್ಲಿ ಮುದುಕಿ ಎಲೆಯಡಿಕೆ ಉಗುಳಿದರೆ ಅಂದ ಕೆಡುತ್ತದಲ್ಲ. ನಾವೆಲ್ಲ ಹೌದೌದು ಎಂದೆವು. ನಮ್ಮ ಬೀದಿಯಲ್ಲಿ ನೀಲಾಳ ಕಡೆ ಒಬ್ಬರೂ ಮಾತಾಡಲಿಲ್ಲ. ಅವಳ ಕಿವಿಯಲ್ಲಿ ಹೊಸ ಓಲೆ ಇತ್ತಲ್ಲ, ಮಾತಾಡುವುದು ಹೇಗೆ?

ಒಂದು ದಿನ ರುದ್ರಾಣಿ ಚಾವಡಿಗೆ ತಡವಾಗಿ ಬಂದಳು. ಮುಖ ಸುಟ್ಟುಕೊಂಡಂತಿತ್ತು. ಏನಾಯಿತೆಂದು ಮಧ್ಯಾಹ್ನ ಹೇಳಿದಳು. ಅವಳು ಬಾಗಿಲಿಗೆ ನೀರು ಹಾಕುವಾಗ ಮೈದುನ ಮಲ್ಲೇಶಿ ಜಗಲಿಯಲ್ಲಿ ಕೂತು ಬಿಸ್ಕತ್ತಿನ ಪೊಟ್ಟಣವನ್ನು ಕಣ್ಣಿನ ಹತ್ತಿರ ಹಿಡಿದಿದ್ದ. ಮಲ್ಲೇಶಿ ಅವಳ ಹಾಗೆಯೇ, ಹೆಬ್ಬೆಟ್ಟು ಒತ್ತುವವನು. ಅಂಥವನು ಪೊಟ್ಟಣದ ಮೇಲೆ ಬೆರಳಿಟ್ಟು, "ಒ... ಣ... ಗಿ... ದ ಜಾ... ಗ... ದ... ಲ್ಲಿ ಇ... ಡಿ" ಎಂದು ಓದಿದ. ಓದಿ, ತನ್ನ ಬಾಯಿಂದ ಬಂದದ್ದು ತನಗೇ ಅರ್ಥವಾಗಿ, ಗಟ್ಟಿಯಾಗಿ ನಕ್ಕ.

"ಅತ್ತಿಗೆ, ಒಣಗಿದ ಜಾಗದಲ್ಲಿ ಇಡಿ ಅಂತ ಬರ್ದಿದಾರೆ ನೋಡಿ! ಇಷ್ಟು ವರ್ಷ ನಮಗೆ ಯಾರೂ ಹೇಳ್ಲೇ ಇಲ್ಲ!" ಎಂದನಂತೆ.

"ಫ್ರಿಜ್ಜು ಬಂದಾಗ ಇಷ್ಟು ಉರೀಲಿಲ್ಲ ಕಣೇ," ಎಂದಳು ರುದ್ರಾಣಿ ನನಗೆ ಮಾತ್ರ ಕೇಳುವ ಹಾಗೆ. "ಅವನಿಗೆ ಹೆಂಗೇ ಬಂತು? ಶಾಲೆಗೆ ಹೋಗಿಲ್ಲ, ಏನಿಲ್ಲ. ಮಲಗಿ ಎದ್ದ, ಬಂತು." ಆ ದಿನ ಅವಳು ಕೂಡಿಸಿದ ಬಳೆಗಳಲ್ಲಿ ಅರ್ಧ ಒಡೆದವು.

ಅದಾದ ಸ್ವಲ್ಪ ದಿನಕ್ಕೆ ನೀಲ ಹೋಳಿಗೆ ಮಾಡಿ ತಟ್ಟೆಯಲ್ಲಿಟ್ಟುಕೊಂಡು, ಕಿಂಡಿಯಿಂದ ದಾಟಿಸದೆ, ಮುಂಬಾಗಿಲಿನಿಂದ ಬಂದಳು. ನಾನೂ ಅಲ್ಲೇ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ನೀಲ ನಿಂತೇ ಮಾತಾಡಿದಳು.

"ಅಕ್ಕಾ, ನಮ್ಮ ದಾಕ್ಷಿನೂ ಈ ವರ್ಷ ನಿಮ್ಮ ಕಡೇನೇ ಇಟ್ಕೊಳ್ಳಿ. ಅಜ್ಜಿ ಜೊತೆ ಮಲಗ್ತಾಳೆ. ಪರೀಕ್ಷೆ ಇದೆ ಅವಳಿಗೆ."

"ಯಾಕೆ, ನಿಮ್ಮನೇಲಿ ಜಾಗ ಸಾಲ್ದಾ? ಕುರ್ಚಿ ಜಾಸ್ತಿ ಆದ್ವಾ?"

"ಅದಲ್ಲ ಅಕ್ಕಾ. ಸರಾಸರಿ ಕೂತ ಮನೇಲಿ..."

"ಸರಾಸರಿ ಕೂತ ಮನೆ, ಸರಾಸರಿ ಕೂತ ಮನೆ! ದಿನಾ ಎಷ್ಟು ಸಲ ಹೇಳ್ಬೇಕೇ ನಂಗೆ? ನಂಗೇನು ಕಣ್ಣಿಲ್ವಾ?" ರುದ್ರಾಣಿ ಎದ್ದು ನಿಂತಳು. "ಅತ್ತೇನ ತಳ್ಳಿದ್ದಾಯ್ತು, ಈಗ ಮಗಳನ್ನೂ ತಳ್ತೀಯಾ? ಗಂಡ ಹೆಂಡ್ತಿ ಇಬ್ರೇ ಕೂತು ತಿನ್ನೋಕೆ? ಆಗಲ್ಲ ಅಂದ್ರೆ ಆಗಲ್ಲ. ಎತ್ಕೊಂಡ್ ಹೋಗು ನಿನ್ನ ಹೋಳಿಗೇನ."

ನೀಲ ತಟ್ಟೆಯನ್ನು ಜಗಲಿಯ ಮೇಲೆ ಇಟ್ಟು ಹೋದಳು. ವಯಸ್ಸಿಗೆ ಬಂದ ಹುಡುಗಿಯನ್ನು ಬಂಧುಗಳಲ್ಲದವರ ಮನೆಯಲ್ಲಿ ಮಲಗಿಸುವ ಪದ್ಧತಿ ನಮ್ಮಲ್ಲಿಲ್ಲ. ನೀಲಾಳಿಗೆ ತವರು ಎನ್ನುವುದೂ ಉಳಿದಿರಲಿಲ್ಲ. ಕೇಳಬಹುದಾಗಿದ್ದ ಮನೆ ಅದೊಂದೇ. ಹೋಳಿಗೆಯನ್ನು ನಾವಿಬ್ಬರೇ ತಿಂದೆವು, ಚೆನ್ನಾಗಿತ್ತು.

ದಾಕ್ಷಿಯ ಓದು ಹೋಗುತ್ತಿದೆ ಎಂದು ಚಾವಡಿಯಲ್ಲಿ ಎಲ್ಲರಿಗೂ ಗೊತ್ತಾದದ್ದು ಒಂದು ಮಧ್ಯಾಹ್ನ. ದಾಕ್ಷಿ ಎಂದಿನಂತೆ ಪೇಪರ್ ಬಿಡಿಸಿದಳು. ಮೊದಲ ಸಾಲು ಸಲೀಸಾಗಿ ಹೋಯಿತು. ಎರಡನೆಯದರಲ್ಲಿ ಒಂದು ಒತ್ತಕ್ಷರ ಬಂತು, ನಿಂತಳು. ಮತ್ತೆ ಹಿಂದಿನಿಂದ ಓಡಿಬಂದು ದಾಟಲು ನೋಡಿದಳು, ಅಲ್ಲೇ ನಿಂತಳು. "ಚಿಕ್ಕಮ್ಮ, ಇದೇನು?" ಎಂದು ಪೇಪರನ್ನು ನನ್ನ ಕಡೆ ಹಿಡಿದಳು. ಅದು 'ರಾಷ್ಟ್ರ' ಎನ್ನುವ ಪದ. ನಾನು ಓದಿಕೊಟ್ಟೆ. ಅವಳು ನನ್ನನ್ನು ನೋಡಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಪೇಪರನ್ನು ಮಡಿಚಿಟ್ಟು ಎದ್ದು ಹೋದಳು. ಮರುದಿನದಿಂದ ಚಾವಡಿಗೆ ಬರಲಿಲ್ಲ. ಶಾಲೆಗೂ ಹೋಗುತ್ತಿಲ್ಲ ಎಂದು ಆಮೇಲೆ ತಿಳಿಯಿತು. ಹತ್ತನೇ ಕ್ಲಾಸಿನಲ್ಲಿ ಕೂತು ನಾಲ್ಕನೇ ಕ್ಲಾಸಿನಷ್ಟು ಓದುವವಳಿಗೆ ಮೇಷ್ಟ್ರು ತಾನೆ ಏನು ಮಾಡುತ್ತಾರೆ?

ರುದ್ರಾಣಿ ಆ ಮಧ್ಯಾಹ್ನ ಬುತ್ತಿಯ ರೊಟ್ಟಿಯನ್ನೆಲ್ಲ ತಿಂದು ನನ್ನ ಬುತ್ತಿಯಿಂದಲೂ ಒಂದು ತೆಗೆದುಕೊಂಡಳು. ಎಷ್ಟೋ ದಿನದ ಮೇಲೆ ಅವಳಿಗೆ ಹಸಿವಾಗಿತ್ತು. "ಪಾಪ ಹುಡುಗಿ," ಎಂದು ಬಾಯಲ್ಲಿ ಅಂದಳು. ಬಾಯಲ್ಲಿ ಮಾತ್ರ.

ಸಂಜೆ ಹೊತ್ತು ನೀಲಾಳ ಜಗಲಿಯ ಮೇಲೆ ಅಪ್ಪ ಮಗಳು ಕೂತು ಒಂದೇ ಪುಸ್ತಕ ಓದುವುದು ನಮ್ಮನೆಯಿಂದ ಕಾಣುತ್ತಿತ್ತು. ಇಬ್ಬರ ಬೆರಳೂ ಒಂದೇ ಸಾಲಿನ ಮೇಲೆ, ಒಂದೇ ವೇಗ. ಮಲ್ಲೇಶಿ ನಗುತ್ತಿದ್ದ, ದಾಕ್ಷಿ ಅಳುತ್ತಿದ್ದಳು. ನಡುವೆ ಬಾಗಿಲಿಗೆ ಒರಗಿ ನೀಲ. ಯಾರ ಕಡೆ ಹೋಗಲಿ ಎಂದು ತಿಳಿಯದೆ ಅಲ್ಲೇ ನಿಂತಿರುತ್ತಿದ್ದಳು.

ರುದ್ರಾಣಿಯ ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲ. ಒಂದು ದಿನ ಕಿಂಡಿಯಿಂದ ಬಂದ ಪಾಯಸದಲ್ಲಿ ದ್ರಾಕ್ಷಿ ಗೋಡಂಬಿ ಕಂಡು ಮತ್ತೆ ಶುರುವಾಯಿತು. ಮುಂದಿನ ವರ್ಷವಾದರೂ ಸರಾಸರಿ ತಮ್ಮ ಮನೆಯಲ್ಲೇ ಕೂರಬೇಕೆಂದು ಅವಳು ಹರಕೆ ಹೊತ್ತಾಗಿತ್ತು, ಅದನ್ನು ಅತ್ತೆಗೆ ಕೇಳಿಸುವ ಹಾಗೆ ಹೇಳಿದಳು. ಅದು ಬಂದರೆ ತಾನು ನೀಲಾಳ ಹಾಗಲ್ಲ, ಅತ್ತೆಯನ್ನು ಬೀದಿಗೆ ಹಾಕುವವಳಲ್ಲ, ಹೊಸ ಮಂಚ ಮಾಡಿಸಿ ಅದರ ಮೇಲೆ ಕೂರಿಸುವವಳು ಎಂದಳು.

ಶರಣಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿದರು.

"ಮಂಚದ ಮೇಲೆ ಎಷ್ಟು ದಿನ ಕೂತಿರ್ತೀನೇ ನಾನು?"

"ಯಾಕತ್ತೆ ಹಂಗಂತೀರಿ?"

"ನಮ್ಮೂರಲ್ಲಿ ಸರಾಸರಿ ಮನುಷ್ಯ ಎಷ್ಟು ವರ್ಷ ಬದುಕ್ತಾನೆ ಹೇಳು. ಗಾಜಿನ ಪುಡಿ ಕುಡಿದು ಕುಡಿದು ಐವತ್ತು ದಾಟೋದು ಕಷ್ಟ. ಸರಾಸರಿ ಕೂತ ಮನೇಲಿ ಅದಕ್ಕಿಂತ ಹೆಚ್ಚು ಹೆಂಗೇ ಬದುಕೋದು? ಕೊಟ್ರಮ್ಮನ ಅತ್ತೆ ಮಾವ ಹೆಂಗೆ ಹೋದ್ರು? ಚಪ್ಪಲಿ ಸಡಿಲ ಆದ ಮೂರನೇ ದಿನಕ್ಕೇ ನನಗೆ ಏದುಸಿರು ಬಂತು. ನೀಲ ಒಂದು ಗಂಟೆ ಕೂತು ಯೋಚನೆ ಮಾಡಿದ್ಲು. ನನ್ನ ಎಬ್ಬಿಸಿ ಟ್ರಂಕು ಕಟ್ಟಿದ್ಲು. ಈ ಹೊಸ್ತಿಲು ದಾಟಿದ್ದೇ ತಡ, ಉಸಿರು ಸರಿಹೋಯ್ತು."

"ಮತ್ತೆ ದುಡ್ಡು ಮಾತ್ರ ಅಷ್ಟೊಂದು..."

"ನಾನೂ ಅದನ್ನೇ ಕೇಳ್ದೆ. ಅವಳು ಏನಂದ್ಲು ಗೊತ್ತಾ? ದುಡ್ಡಾದ್ರೆ ಸಾವಿರ ಜನರದ್ದನ್ನ ಒಬ್ಬನೇ ಇಟ್ಕೋಬಹುದು ಅತ್ತೆ, ಸರಾಸರಿ ಮೇಲಕ್ಕೆ ಹೋಗುತ್ತೆ. ದೊಡ್ಡಮನೆಯವರು ಸಾವಿರ ವರ್ಷ ಬದುಕೋಕಾಗುತ್ತಾ, ಸಾವಿರ ಕ್ಲಾಸು ಓದೋಕಾಗುತ್ತಾ ಅಂದ್ಲು."

ರುದ್ರಾಣಿ ಪಾಯಸದ ಬಟ್ಟಲು ಹಿಡಿದು ನಿಂತೇ ಇದ್ದಳು. "ಇಷ್ಟು ದಿನ 'ನೀಲ ತಳ್ಳಿದ್ಲು, ತಳ್ಳಿದ್ಲು' ಅಂತ ನಾನು ಬೊಬ್ಬೆ ಹಾಕ್ತಿದ್ರೆ ನೀವು ಬಾಯಿ ಮುಚ್ಕೊಂಡಿದ್ರಲ್ಲ ಅತ್ತೆ."

"ಎಪ್ಪತ್ತು ದಾಟಿದ ಮುದುಕಿ ಸಾಯೋಕೆ ಹೆದರ್ತಾಳೆ ಅಂತ ಸೊಸೆ ಮುಂದೆ ಹೇಳ್ಕೋಬೇಕಾ? ನಾಚಿಕೆ ಆಯ್ತು ಕಣೇ. ಇನ್ನೂ ಬದುಕಬೇಕು ಅನ್ಸುತ್ತೆ, ಏನ್ಮಾಡ್ಲಿ." ಶರಣಮ್ಮ ಎಲೆಯನ್ನು ಬಾಯಿಗಿಟ್ಟುಕೊಂಡರು. "ನಿನ್ನ ಗಂಡಂಗೆ ಎಷ್ಟು ವಯಸ್ಸು ಅಂತ ನಾನು ಹೇಳ್ಬೇಕಾಗಿಲ್ಲ ತಾನೆ?"

ಹಾಲಪ್ಪನಿಗೆ ಐವತ್ತೈದು. ಅಷ್ಟು ಹೊತ್ತಿಗೆ ಅವನು ಹಿತ್ತಿಲಿನಲ್ಲಿ ಕೈಕಾಲು ತೊಳೆಯುತ್ತ ಕೆಮ್ಮುತ್ತಿದ್ದ. ರುದ್ರಾಣಿ ಹಿತ್ತಿಲ ಬಾಗಿಲಿನಲ್ಲಿ ನಿಂತು ಅವನನ್ನೇ ನೋಡಿದಳು. "ಏನೇ ಹಂಗ್ ನೋಡ್ತೀಯಾ?" ಎಂದು ಅವನು ಕೇಳಿದರೆ, "ಏನಿಲ್ಲ, ಚೆನ್ನಾಗಿ ತೊಳ್ಕೊಳ್ಳಿ," ಎಂದಳು. ದೇವರ ಗೂಡಿನ ಮುಂದೆ ಹೋಗಿ, ತಾನು ಕೇಳಿದ್ದನ್ನು ಮರೆತುಬಿಡಬೇಕೆಂದೂ, ತೆಂಗಿನಕಾಯಿ ಮಾತ್ರ ತಪ್ಪದೆ ಒಡೆಸುತ್ತೇನೆಂದೂ ಬೇಡಿಕೊಂಡಳು.

ಅಲ್ಲಿಂದ ನೆಟ್ಟಗೆ ನೀಲಾಳ ಮುಂಬಾಗಿಲಿಗೆ ಹೋದಳು. ಸರಾಸರಿ ಕೂತ ಮೇಲೆ ಆ ಮನೆಯ ಹೊಸ್ತಿಲಿಗೆ ಬಂದದ್ದು ಅದೇ ಮೊದಲು. ಒಳಗೆ ಕಾಲಿಡಲಿಲ್ಲ.

"ಹುಡುಗೀನ ಕಳಿಸು," ಎಂದಳು.

ನೀಲ ಬಾಗಿಲಿಗೆ ಬಂದಳು. "ಅಕ್ಕಾ..."

"ನಿನ್ನ ಮುಖ ನೋಡಿ ಕರೀತಿಲ್ಲ ನಾನು. ಚಾವಡೀಲಿ ಪೇಪರ್ ಓದೋರಿಲ್ಲ, ಎಲ್ರಿಗೂ ಬೇಜಾರು. ಆ ಎದುರುಮನೆಯವಳು ಏಳನೇ ಕ್ಲಾಸು ಅಂತ ಓದೋಕೆ ಶುರುಮಾಡಿದಾಳೆ, ಕೇಳೋಕಾಗ್ತಿಲ್ಲ. ಕಳಿಸು, ಪುಸ್ತಕಾನೂ ಕಳಿಸು."

ದಾಕ್ಷಿ ಗೋಡೆಯ ಈ ಕಡೆ ಬಂದಳು. ಅಕ್ಷರಗಳು ಒಂದೇ ದಿನಕ್ಕೆ ಬರಲಿಲ್ಲ. ಮೊದಲು ಒತ್ತಕ್ಷರ, ಆಮೇಲೆ ಉದ್ದನೆಯ ಸಾಲು, ಕೊನೆಗೆ ಲೆಕ್ಕ. ಅಜ್ಜಿಯ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದಳು. ರುದ್ರಾಣಿ ಒಲೆಯ ಮುಂದೆ ಕೂತು ಕೇಳುತ್ತಿದ್ದಳು. ಕೇಳಿದಷ್ಟೂ ಅವಳ ಉರಿ ಹೆಚ್ಚಿತು. ಮೊದಲು ಗೋಡೆಯಾಚೆ ಇದ್ದದ್ದು ಈಗ ತನ್ನ ಅಡುಗೆಮನೆಯಲ್ಲೇ ಕೂತಿದೆ, ಆದರೂ ತನ್ನದಲ್ಲ. ನೀಲ ಒಳ್ಳೆಯವಳೆಂದು ತಿಳಿದದ್ದರಿಂದ ಉರಿ ಕಡಿಮೆಯಾಯಿತೆಂದು ಯಾರಾದರೂ ಅಂದುಕೊಂಡರೆ ಅವರಿಗೆ ಹೊಟ್ಟೆಕಿಚ್ಚಿನ ಬಗ್ಗೆ ಏನೂ ತಿಳಿಯದು. "ಒಳ್ಳೆಯವಳು ಅನ್ನಿಸ್ಕೊಳ್ಳೋದನ್ನೂ ಅವಳೇ ತಗೊಂಡ್ಲಲ್ಲ ಕಣೇ," ಎಂದಳು ನನ್ನ ಹತ್ತಿರ.

ಒಮ್ಮೆ ದಾಕ್ಷಿಯನ್ನು ಕೇಳಿದಳಂತೆ: "ಓದೋವಾಗ ತಲೆ ಒಳಗೆ ಏನಾಗುತ್ತೆ?"

ದಾಕ್ಷಿ ಯೋಚಿಸಿ, "ಏನೂ ಆಗಲ್ಲ ದೊಡ್ಡಮ್ಮ. ಯಾರೋ ಮಾತಾಡಿದ ಹಂಗೆ ಕೇಳ್ಸುತ್ತೆ. ನಾನು ಹೇಳಿಕೊಡ್ಲಾ?" ಎಂದಳು.

ಹೇಳಿಕೊಟ್ಟಳು. ಅ ಆ ಇ ಈ ದಾಟುವ ಮೊದಲೇ ರುದ್ರಾಣಿ ಬಳಪ ಎಸೆದಳು. ಹುಡುಗಿ ತನ್ನ ಕೈ ಹಿಡಿದು ತಿದ್ದಿಸುವುದನ್ನು ಅವಳಿಗೆ ಸಹಿಸಲಾಗಲಿಲ್ಲ. ತಪ್ಪಿದಾಗಲೆಲ್ಲ ಅವಳಿಗೆ ಜಗಲಿಯ ಮೇಲಿನ ಮಲ್ಲೇಶಿ ನೆನಪಾಗುತ್ತಿದ್ದ. ಅವನಿಗೆ ಮಲಗಿ ಏಳುವಷ್ಟರಲ್ಲಿ ಬಂದದ್ದನ್ನು ತಾನು ಬೆವರು ಸುರಿಸಿ ಯಾಕೆ ತಗೋಬೇಕು ಎನ್ನುವುದು ಅವಳ ವಾದ.

ದಾಕ್ಷಿ ಪರೀಕ್ಷೆ ಬರೆದಳು, ಪಾಸಾದಳು. ಅಷ್ಟು ಹೊತ್ತಿಗೆ ಶರಣಮ್ಮನ ಮಾತು ಊರೆಲ್ಲ ಹರಡಿತ್ತು. ಸರಾಸರಿ ಕೂತರೆ ಏನು ಬರುತ್ತದೆ, ಏನು ಹೋಗುತ್ತದೆ ಎಂದು ಈಗ ಎಲ್ಲರಿಗೂ ಗೊತ್ತು. ಇನ್ನು ಯಾರೂ ಅದಕ್ಕೆ ಆಸೆಪಡುವುದಿಲ್ಲ ಎಂದು ನಾನು ತಿಳಿದಿದ್ದೆ. ಮುಂದಿನ ಎಣಿಕೆಯ ಸಂಜೆ ನೋಡಬೇಕಿತ್ತು ನಮ್ಮ ಬೀದಿಯನ್ನು! ಸರಾಸರಿ ಒಂದೇ ಮನೆಯಲ್ಲಿ ಎರಡು ವರ್ಷ ಕೂರುವುದಿಲ್ಲವಾದ್ದರಿಂದ ನೀಲಾಳ ಮನೆಯೊಂದೇ ಗಟ್ಟಿ ಎಂದು ಲೆಕ್ಕ ಹಾಕಿ, ಜನ ತಮ್ಮ ತಮ್ಮ ಮುದುಕ ಮುದುಕಿಯರನ್ನು ಹಾಸಿಗೆ, ಚೊಂಬು, ಊರುಗೋಲಿನ ಸಮೇತ ಅವಳ ಪಡಸಾಲೆಗೆ ತಂದು ಬಿಡುತ್ತಿದ್ದರು. ಸರಾಸರಿ ಬೇಡ ಎಂದವರಿಲ್ಲ. ಹೋಗುವುದನ್ನು ಆಚೆಗಿಟ್ಟು, ಬರುವುದನ್ನು ಮಾತ್ರ ಇಟ್ಟುಕೊಳ್ಳುವ ಉಪಾಯ ಅದು. ನೀಲ ಯಾರಿಗೂ ಇಲ್ಲವೆನ್ನದೆ ಚಾಪೆ ಹಾಸುತ್ತಿದ್ದಳು. ನಮ್ಮ ಮನೆಯಲ್ಲಿ ಹಿರಿಯರಿರಲಿಲ್ಲ, ನನ್ನ ಗಂಡನಿಗೆ ಇನ್ನೂ ನಲವತ್ತಾರು, ಹಾಗಾಗಿ ನಾನು ಸುಮ್ಮನೆ ಜಗಲಿಯಲ್ಲಿ ಕೂತು ನೋಡುತ್ತಿದ್ದೆ.

ಕತ್ತಲಾಗುವ ಮೊದಲು ರುದ್ರಾಣಿ ಬಂದಳು. ಮುಂದೆ ಅತ್ತೆ, ಹಿಂದೆ ದಾಕ್ಷಿ, ಅವರ ಹಿಂದೆ ದಿಂಬು ಹೊತ್ತುಕೊಂಡು ಹಾಲಪ್ಪ.

"ನನ್ನ ಮನೆಯಿಂದ ನನ್ನನ್ನೇ ಓಡಿಸ್ತಿದಾಳೆ ನೋಡಮ್ಮಾ," ಎಂದ ಹಾಲಪ್ಪ ನನ್ನ ಕಡೆ ತಿರುಗಿ.

"ಬಾಯಿ ಮುಚ್ಕೊಂಡು ಹೋಗಿ ಕೂತ್ಕೊಳ್ರೀ," ಎಂದು ರುದ್ರಾಣಿ ಅವನನ್ನು ಒಳಗೆ ತಳ್ಳಿದಳು. "ನೀಲಾ, ಮೂವರನ್ನೂ ಇಟ್ಕೋ. ಒಂದು ವರ್ಷ."

"ವೀರೇಶ?" ಎಂದಳು ನೀಲ.

"ಅವನಿಗಿರೋದು ಆರು ಕ್ಲಾಸು. ಎರಡು ಹೋದ್ರೆ ಅವನಿಗೆ ಗೊತ್ತೂ ಆಗಲ್ಲ."

ನೀಲ ನಗಲಿಲ್ಲ. "ಬಂದ್ರೆ ಬರ್ಲಿ ಅಕ್ಕಾ. ಬರದೇ ಇದ್ರೂ ನಮ್ಮನೆ ಫ್ರಿಜ್ಜು ಇದೆ, ನಿಮಗೆ ಬೇಕಂದ್ರೆ ನಾಳೇನೇ ಅದನ್ನ ನಿಮ್ಮ ಕಡೆ ತಂದಿಡಿಸ್ತೀನಿ."

"ನಿನ್ನ ಫ್ರಿಜ್ಜು ಯಾರಿಗೆ ಬೇಕೇ?" ರುದ್ರಾಣಿಯ ದನಿ ಬೀದಿಗೆಲ್ಲ ಕೇಳಿಸಿತು. "ನಂಗೆ ನಾಲ್ಕು ಕ್ಲಾಸು ಬೇಕು! ನಿನ್ನ ಗಂಡಂಗೆ ಬಂತಲ್ಲ, ನಂಗೂ ಬರ್ಲಿ! ದುಡ್ಡು ನೀನೇ ಇಟ್ಕೋ, ದೊಡ್ಡಮನೆಯವರೇ ಇಟ್ಕೊಳ್ಳಿ. ಅದು ಬಂದಾಗ ನಂಗೆ ಒಂದು ಬಿಸ್ಕತ್ತಿನ ಪೊಟ್ಟಣ ಓದೋಕೆ ಬಂದ್ರೆ ಸಾಕು."

ರುದ್ರಾಣಿ ಅಲ್ಲಿ ನಿಲ್ಲದೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬೆಳಿಗ್ಗೆ ಅವಳ ಚಪ್ಪಲಿ ಅವಳಿಗೆ ಸರಿಯಾಗಿ ಕೂತಿತು. ನನ್ನ ಹಿಮ್ಮಡಿ ಹೊರಗೆ ಉಳಿಯಿತು.

ಏನು ಹೇಳಲಿ? ನನಗೆ ಸಂತೋಷವಾಯಿತು. ಬೀದಿಯವರು ಬಂದು ನೋಡಿ ಹೋದರು, ನಗುನಗುತ್ತಲೇ ಮಾತಾಡಿದರು, ಹಿಂದಿನ ವರ್ಷ ನೀಲಾಳ ಎದುರು ನಾನು ನಕ್ಕ ಹಾಗೆಯೇ. ಅಕ್ಕಿಯೂ ಬಂತು, ಕುರ್ಚಿಗಳೂ ಬಂದವು. ಒಂದು ವಾರಕ್ಕೆ ಪೇಪರ್ ಕೈಗೆ ತೆಗೆದುಕೊಂಡರೆ ಸಾಲುಗಳ ನಡುವೆ ಅಲ್ಲಲ್ಲಿ ತೂತು ಬಿದ್ದ ಹಾಗೆ ಕಂಡಿತು. ಒತ್ತಕ್ಷರ ಬಂದಲ್ಲೆಲ್ಲ ಕಣ್ಣು ನಿಂತುಬಿಡುತ್ತಿತ್ತು. ಏಳರಲ್ಲಿ ನಾಲ್ಕು ಉಳಿದಿತ್ತು. ಈಗ ಈ ಕಥೆಯನ್ನೂ ನಾನು ಹೇಳುತ್ತಿದ್ದೇನೆ, ಬರೆಯುತ್ತಿರುವವಳು ದಾಕ್ಷಿ. ನನ್ನ ಮಾತನ್ನು ಅವಳು ತನಗೆ ಬೇಕಾದ ಹಾಗೆ ತಿದ್ದುತ್ತಾಳೆ ಎಂದು ನನಗೆ ಅನುಮಾನ, ಆದರೆ ಓದಿ ನೋಡುವುದು ಹೇಗೆ?

ರುದ್ರಾಣಿ ಹದಿನೈದು ದಿನ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಚಾವಡಿಯಲ್ಲಿ ಮುಖ ಆ ಕಡೆ ಮಾಡಿಕೊಂಡು ಬಳೆ ಕೂಡಿಸಿದಳು. ಆಮೇಲೆ ಒಂದು ಸಂಜೆ ಬೀದಿ ದಾಟಿ ಬಂದು ನಮ್ಮ ಹೊಸ್ತಿಲಲ್ಲಿ ನಿಂತಳು. ಬಣ್ಣ ಬಳಿದ ಗೋಡೆ ನೋಡಲಿಲ್ಲ, ಕುರ್ಚಿ ನೋಡಲಿಲ್ಲ. ನನ್ನ ಮಡಿಲಲ್ಲಿ ಅರ್ಧಕ್ಕೆ ನಿಂತ ಪೇಪರ್ ಇತ್ತು, ಅದನ್ನೇ ನೋಡಿದಳು.

"ಹೋಯ್ತಾ?" ಎಂದಳು.

"ಹೋಯ್ತು," ಎಂದೆ.

"ನಿನ್ನ ಆ ಮೂರು ಕ್ಲಾಸು ಎಲ್ಲಿಗೆ ಹೋಯ್ತೇ?" ಎಂದು ಪೇಪರಿನ ಕಡೆ ಕೈ ತೋರಿಸಿದಳು. "ನಿನ್ನಿಂದ ತೆಗೆದದ್ದು ಎಲ್ಲೋ ಹೋಗಿರಬೇಕಲ್ಲ. ಎದುರುಮನೇಲೇ ಇದ್ದೆ ನಾನು. ಅದಾದರೂ ನನಗೆ ಬರಬಾರದಿತ್ತಾ?"

ಕೂತ್ಕೊ ಅಂದೆ. ಅವಳು ಕೂರಲಿಲ್ಲ.